ಕಡುಬಡತನದ ಹೆಣ್ಣುಮಕ್ಕಳ ನಡುವೆ ಸ್ವಯಂಸೇವೆ: ಗ್ರಾಮ ಪಂಚಾಯತಿ ಸದಸ್ಯರು ಅರಿತಿರಬೇಕಾದ ಸಂಗತಿಗಳು

ಕಲಬುರಗಿ ನಗರದ ಸೂಪರ್ ಮಾರ್ಕೆಟ್‌ನಲ್ಲಿ ನೋಟ್‌ಬುಕ್, ಪೆನ್ನು, ಶಾಲಾ ಬ್ಯಾಗುಗಳನ್ನು ಒಟ್ಟಾಗಿ ಖರೀದಿಸಿ ಹಳ್ಳಿಯ ಬಸ್ಸು ಹತ್ತುವ ಯುವಜನರಿದ್ದಾರೆ. ಇವರಲ್ಲಿ ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು, ಸಂಘ ಸಂಸ್ಥೆಗಳ ಕಾರ್ಯಕರ್ತರು, ಸ್ವಂತ ಆಸಕ್ತಿಯಿಂದ ಬರುವ ನೌಕರರು ಸೇರಿರುತ್ತಾರೆ. ಹುಮನಾಬಾದ್ ರಸ್ತೆಯಲ್ಲಿರುವ ಕಮಲಾಪುರ ಹಾಗೂ ಅದರ ಸುತ್ತಲಿನ ಹಳ್ಳಿ, ತಾಂಡಾಗಳು ಇಂಥವರಿಗೆ ಒಂದೇ ದಿನದಲ್ಲಿ ಹೋಗಿ ಬರಬಹುದಾದಷ್ಟು ಸಮೀಪದಲ್ಲಿವೆ. ಹೀಗೆ ಬರುವವರ ಸದಿಚ್ಛೆಯನ್ನು ಸಂಶಯಿಸಬೇಕಾಗಿಲ್ಲ. ಆದರೆ ಅವರು ತರುವ ವಸ್ತುವಿಗೂ, ಆ ಊರಿನ ಅತ್ಯಂತ ಬಡ ಮನೆಯ ಬಾಲಕಿಯ ಅಗತ್ಯಕ್ಕೂ ಅನೇಕ ವೇಳೆ ತಾಳೆಯಾಗುವುದಿಲ್ಲ. ತಾಳೆಯಾಗುವಂತೆ ಮಾಡಬಲ್ಲ ಸಂಸ್ಥೆಯೆಂದರೆ ಗ್ರಾಮ ಪಂಚಾಯತಿ.

2011ರ ಜನಗಣತಿಯ ಪ್ರಕಾರ ಕಲಬುರಗಿ ಜಿಲ್ಲೆಯ ಪುರುಷರ ಸಾಕ್ಷರತೆ ಶೇ. 74ರಷ್ಟಿದ್ದರೆ ಮಹಿಳೆಯರದು ಶೇ. 55ರಷ್ಟಿತ್ತು. ಅದೇ ಗಣತಿಯಲ್ಲಿ ರಾಜ್ಯದ ಮಹಿಳಾ ಸಾಕ್ಷರತೆ ಶೇ. 68ರಷ್ಟಿತ್ತು. ಅಂದು ಅಕ್ಷರ ಕಲಿಯದೆ ಉಳಿದ ಎಷ್ಟೋ ಹೆಣ್ಣುಮಕ್ಕಳು ಇಂದು ತಾಯಂದಿರಾಗಿದ್ದಾರೆ. ಅವರ ಮಗಳಿಗೆ ಮನೆಯಲ್ಲಿ ಪಾಠ ಹೇಳಿಕೊಡುವವರಿಲ್ಲ. ಶಾಲೆಯಿಂದ ಬಂದ ಚೀಟಿಯನ್ನು ಓದುವವರೂ ಇಲ್ಲ.

ತಾಂಡಾವೊಂದರ ಏಳನೆಯ ತರಗತಿಯ ಬಾಲಕಿಯನ್ನು ಊಹಿಸಿಕೊಳ್ಳಬಹುದು. ತಾಯಿ ಕೂಲಿಗೆ ಹೋದರೆ ಎರಡು ವರ್ಷದ ತಮ್ಮನನ್ನು ನೋಡಿಕೊಳ್ಳುವವಳು ಅವಳೇ. ನೀರು ತರುವವಳೂ ಅವಳೇ. ಹತ್ತಿ ಬಿಡಿಸುವ ಮತ್ತು ತೊಗರಿ ರಾಶಿಯ ದಿನಗಳಲ್ಲಿ ಅವಳ ಕೂಲಿಯೂ ಮನೆಯ ಲೆಕ್ಕಕ್ಕೆ ಸೇರುತ್ತದೆ. ತಾಂಡಾದ ಶಾಲೆ ಐದನೆಯ ಅಥವಾ ಏಳನೆಯ ತರಗತಿಗೆ ಮುಗಿದರೆ ಪ್ರೌಢಶಾಲೆ ಇನ್ನೊಂದು ಊರಿನಲ್ಲಿರುತ್ತದೆ. ಮುಟ್ಟಾದ ದಿನಗಳಲ್ಲಿ ಶೌಚಾಲಯದಲ್ಲಿ ನೀರಿಲ್ಲದ ಶಾಲೆಗೆ ಹೋಗಲು ಅವಳು ಹಿಂಜರಿಯುತ್ತಾಳೆ. ಶಾಲೆ ಬಿಟ್ಟು ಮನೆಯಲ್ಲಿ ಕುಳಿತ ಬಾಲಕಿಯ ಮದುವೆಯ ಮಾತು ಬಹುಬೇಗ ಆರಂಭವಾಗುತ್ತದೆ. ಇವುಗಳಲ್ಲಿ ಯಾವುದಕ್ಕೂ ಹೊಸ ಬ್ಯಾಗು ಉತ್ತರವಲ್ಲ. ಬ್ಯಾಗಿನ ವಿತರಣೆಗೆ ಛಾಯಾಚಿತ್ರ ಸುಲಭವಾಗಿ ದೊರೆಯುತ್ತದೆ, ತಮ್ಮನನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತವಳ ಸಮಸ್ಯೆಗೆ ದೊರೆಯುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಸ್ವಯಂಸೇವಕರ ಕಾಲಮಿತಿಯನ್ನೂ ಸದಸ್ಯರು ತಿಳಿದಿರಬೇಕು. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ವಿದ್ಯಾರ್ಥಿಯು 2 ವರ್ಷಗಳಲ್ಲಿ 240 ಗಂಟೆಗಳ ಸೇವೆ ಸಲ್ಲಿಸಬೇಕು ಮತ್ತು ದತ್ತು ಗ್ರಾಮದಲ್ಲಿ 7 ದಿನಗಳ ವಿಶೇಷ ಶಿಬಿರದಲ್ಲಿ ಭಾಗವಹಿಸಬೇಕು. ಶಿಬಿರದಲ್ಲಿ ರಸ್ತೆ ಗುಡಿಸುವುದು, ಜಾಗೃತಿ ಜಾಥಾ, ಬೀದಿ ನಾಟಕ ನಡೆಯುತ್ತವೆ. ಎಂಟನೆಯ ದಿನ ಊರು ಮೊದಲಿನಂತಾಗುತ್ತದೆ. ಅದೇ 240 ಗಂಟೆಗಳನ್ನು ವಾರಕ್ಕೆ 2 ಅಥವಾ 3 ಗಂಟೆಯಂತೆ ಹಂಚಿದರೆ ಒಂದೇ ತಾಂಡಾಕ್ಕೆ ಎರಡು ಶೈಕ್ಷಣಿಕ ವರ್ಷಗಳ ಸಂಜೆ ಪಾಠ ದೊರೆಯುತ್ತದೆ. ದತ್ತು ಗ್ರಾಮವನ್ನು ಕಾಲೇಜು ಆಯ್ಕೆ ಮಾಡಬಹುದು, ಆದರೆ ಸಮಯ ಹೇಗೆ ಬಳಕೆಯಾಗಬೇಕೆಂದು ಕೇಳುವ ಹಕ್ಕು ಊರಿಗಿದೆ.

ಉತ್ತರ ಕರ್ನಾಟಕದ ಎರಡು ಅನುಭವಗಳು ಇಲ್ಲಿ ಉಪಯುಕ್ತ. ಮೊದಲನೆಯದು ಮಹಿಳಾ ಸಮಖ್ಯಾ. 1989ರಲ್ಲಿ ಬೀದರ್, ವಿಜಯಪುರ ಮತ್ತು ಮೈಸೂರು ಜಿಲ್ಲೆಗಳಲ್ಲಿ ಆರಂಭವಾದ ಈ ಕಾರ್ಯಕ್ರಮ ನಂತರ ಕಲಬುರಗಿಗೂ ಬಂದಿತು. ಇದರ ಬೆನ್ನೆಲುಬು ಸಹಯೋಗಿನಿ. ಸುಮಾರು 10 ಹಳ್ಳಿಗಳ ಹೊಣೆ ಹೊತ್ತ ಆಕೆ ಏನನ್ನೂ ಹಂಚುತ್ತಿರಲಿಲ್ಲ. ಮತ್ತೆ ಮತ್ತೆ ಬರುತ್ತಿದ್ದಳು, ಬಡ ದಲಿತ ಮಹಿಳೆಯರ ಸಂಘದಲ್ಲಿ ಕುಳಿತು ಅವರ ಮಾತು ಕೇಳುತ್ತಿದ್ದಳು. ಶಾಲೆ ಬಿಟ್ಟ ಬಾಲಕಿಯರಿಗಾಗಿ ಕಿಶೋರಿ ಸಂಘಗಳೂ, ವಸತಿಸಹಿತ ಮಹಿಳಾ ಶಿಕ್ಷಣ ಕೇಂದ್ರಗಳೂ ಈ ಸಂಘಗಳ ಜೊತೆಗೇ ಬೆಳೆದವು. ಸಹಯೋಗಿನಿಗೆ ಗೌರವಧನವಿತ್ತು ಎಂಬುದನ್ನು ಮರೆಯಬಾರದು. ವರ್ಷಗಟ್ಟಲೆ ನಡೆಯಬೇಕಾದ ಕೆಲಸವನ್ನು ಪೂರ್ತಿ ಬಿಟ್ಟಿಯಾಗಿ ನಿರೀಕ್ಷಿಸುವುದು ನ್ಯಾಯವಲ್ಲ.

ಎರಡನೆಯದು ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಕೆ.ಎಚ್.ಪಿ.ಟಿ. ಸಂಸ್ಥೆಯು ನಡೆಸಿದ ‘ಸಮತಾ’ ಕಾರ್ಯಕ್ರಮ. ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡದ ಬಾಲಕಿಯರು ಪ್ರೌಢಶಾಲೆ ಮುಗಿಸುವಂತೆ ಮತ್ತು ಅವರ ಮದುವೆ ಮುಂದೂಡುವಂತೆ ಮಾಡುವುದು ಇದರ ಗುರಿಯಾಗಿತ್ತು. ಇದನ್ನು 80 ಹಳ್ಳಿಗಳಲ್ಲಿ ವೈಜ್ಞಾನಿಕವಾಗಿ ಪರೀಕ್ಷಿಸಲಾಯಿತು. ಕಾರ್ಯಕ್ರಮ ನಡೆದ ಹಳ್ಳಿಗಳಿಗೂ ನಡೆಯದ ಹಳ್ಳಿಗಳಿಗೂ ಒಟ್ಟಾರೆಯಾಗಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಈ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದ್ದು ಶ್ಲಾಘನೀಯ. ಸಾಕಷ್ಟು ಸಿದ್ಧತೆಯಿಂದ ಮೂರು ವರ್ಷ ದುಡಿದವರಿಗೇ ಹೀಗಾದರೆ ಒಂದು ದಿನದ ಜಾಗೃತಿ ಕಾರ್ಯಕ್ರಮದಿಂದ ಬಾಲ್ಯವಿವಾಹ ನಿಂತಿತೆಂದು ವರದಿ ಬರೆಯುವ ಮುನ್ನ ಯೋಚಿಸಬೇಕಾಗುತ್ತದೆ.

ಹಾಗಾದರೆ ಪಂಚಾಯತಿಯ ಪಾತ್ರವೇನು? 2009ರ ಶಿಕ್ಷಣ ಹಕ್ಕು ಕಾಯ್ದೆಯ 9ನೆಯ ಪ್ರಕರಣವು ಸ್ಥಳೀಯ ಪ್ರಾಧಿಕಾರಕ್ಕೆ, ತನ್ನ ವ್ಯಾಪ್ತಿಯ 14 ವರ್ಷದವರೆಗಿನ ಮಕ್ಕಳ ದಾಖಲೆಯನ್ನು ಇಡುವ ಮತ್ತು ವಲಸೆ ಕುಟುಂಬಗಳ ಮಕ್ಕಳ ಶಾಲಾ ಪ್ರವೇಶವನ್ನು ಖಚಿತಪಡಿಸುವ ಕರ್ತವ್ಯ ವಿಧಿಸಿದೆ. ಕಾಯ್ದೆಯ ವ್ಯಾಖ್ಯೆಯಂತೆ ಪಂಚಾಯತಿಯೂ ಸ್ಥಳೀಯ ಪ್ರಾಧಿಕಾರವೇ. ಬರುವ ಸ್ವಯಂಸೇವಕರಿಗೆ ಮೊದಲು ಕೊಡಬೇಕಾದ ಕೆಲಸ ಈ ದಾಖಲೆಯನ್ನು ಮನೆಮನೆಗೆ ಹೋಗಿ ಸರಿಪಡಿಸುವುದು. ಶಾಲೆಯ ಹಾಜರಿಯಲ್ಲಿ ಹೆಸರಿದ್ದು ಮನೆಯಲ್ಲಿರುವ ಬಾಲಕಿ ಯಾರು, ಹೆಸರೇ ಇಲ್ಲದವಳು ಯಾರು, ಏಕೆ ಎಂಬುದು ಕಾಗದದ ಮೇಲೆ ಬಂದ ನಂತರ ಉಳಿದ ಕೆಲಸಗಳು ತಾವಾಗಿ ಗೋಚರಿಸುತ್ತವೆ. ತಮ್ಮನನ್ನು ನೋಡಿಕೊಳ್ಳುವವಳಿಗೆ ಬೇಕಾದುದು ಪಾಠವಲ್ಲ, ತಮ್ಮನಿಗೊಂದು ಸ್ಥಳ. ಉದ್ಯೋಗ ಖಾತ್ರಿ ಕೆಲಸಗಾರರ 3 ವರ್ಷದೊಳಗಿನ ಮಕ್ಕಳಿಗಾಗಿ ಇರುವ ‘ಕೂಸಿನ ಮನೆ’ ಇದಕ್ಕೆ ನೇರ ಪರಿಹಾರ. ಶಾಲೆ ಪೂರ್ತಿ ಬಿಟ್ಟವಳಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದ ವಸತಿ ಸೌಲಭ್ಯವಿದೆ. ಅರ್ಜಿ ತುಂಬಲು, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಜೊತೆಯಲ್ಲಿ ಹೋಗಲು ಓದಿದವರೊಬ್ಬರು ಬೇಕು. ಸ್ವಯಂಸೇವಕನ ಅತ್ಯಂತ ಉಪಯುಕ್ತ ಕೆಲಸ ಕೆಲವೊಮ್ಮೆ ಇಷ್ಟೇ.

ಪಾಠಕ್ಕೆ ಸ್ಥಳವಿಲ್ಲವೆಂಬ ಮಾತು ಈಗ ಒಪ್ಪತಕ್ಕದ್ದಲ್ಲ. ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಅಧೀನಕ್ಕೆ ಬಂದು ಅರಿವು ಕೇಂದ್ರಗಳಾಗಿವೆ. ಅವು ಸಂಜೆ ತೆರೆದಿದ್ದು, ದೀಪವಿದ್ದು, ಒಬ್ಬ ಮಹಿಳೆ ಅಲ್ಲಿದ್ದರೆ ಮಾತ್ರ ತಾಯಿ ಮಗಳನ್ನು ಕಳುಹಿಸುತ್ತಾಳೆ. ಆದ್ದರಿಂದ ಅದೇ ತಾಂಡಾದಲ್ಲಿ ಪಿ.ಯು.ಸಿ. ಮುಗಿಸಿದ ಯುವತಿಯು ನಗರದಿಂದ ಬರುವ ಹತ್ತು ಮಂದಿಗಿಂತ ಹೆಚ್ಚು ಪ್ರಯೋಜನಕಾರಿ. ಅವಳಿಗೆ ಗೋರಮಾಟಿ ಭಾಷೆ ಗೊತ್ತು, ಯಾವ ಮನೆಯಲ್ಲಿ ಏನು ನಡೆದಿದೆ ಎಂಬುದೂ ಗೊತ್ತು. ಆದರೆ ಅವಳೂ ಬಡವಳೇ. ಒಂದು ಮಧ್ಯಾಹ್ನದ ಸೇವೆ ಅವಳಿಗೆ ಅರ್ಧ ದಿನದ ಕೂಲಿಯ ನಷ್ಟ. ನಗರದವರ ಬಿಡುವನ್ನೂ ಅವಳ ಹೊತ್ತನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಗೌರವಧನ ಅಥವಾ ಮುಂದಿನ ಓದಿಗೆ ನೆರವು ದೊರಕುವ ದಾರಿಯನ್ನು ಸಾಮಾಜಿಕ ನ್ಯಾಯ ಸಮಿತಿಯು ಹುಡುಕಬೇಕು.

ಸುರಕ್ಷತೆಯ ವಿಷಯದಲ್ಲಿ ದಾಕ್ಷಿಣ್ಯ ಸಲ್ಲದು. ಹೊರಗಿನಿಂದ ಬರುವವರ ಹೆಸರು, ಗುರುತಿನ ಚೀಟಿ, ಬಂದ ಹಾಗೂ ಹೋದ ಸಮಯವನ್ನು ಪಂಚಾಯತಿ ಕಚೇರಿಯಲ್ಲಿ ದಾಖಲಿಸಬೇಕು. ಯಾವ ಸ್ವಯಂಸೇವಕನೂ ಬಾಲಕಿಯೊಂದಿಗೆ ಏಕಾಂತದಲ್ಲಿ ಇರಕೂಡದು. ಸಂಕಷ್ಟದಲ್ಲಿರುವ ಮಗುವಿನ ಗುರುತು ಬಹಿರಂಗಪಡಿಸುವುದನ್ನು 2015ರ ಬಾಲನ್ಯಾಯ ಕಾಯ್ದೆ ನಿಷೇಧಿಸುತ್ತದೆ. ದಾನ ಪಡೆಯುವ ಬಾಲಕಿಯ ಮುಖ ವಾಟ್ಸಾಪ್‌ನಲ್ಲಿ ಹರಿದಾಡುವುದನ್ನು ಕಾನೂನಿನ ಮಾತಿಲ್ಲದೆಯೂ ತಡೆಯಬಹುದು. ಲೈಂಗಿಕ ದೌರ್ಜನ್ಯದ ಸುಳಿವು ದೊರೆತವರು ಅದನ್ನು ವರದಿ ಮಾಡುವುದು 2012ರ ಪೋಕ್ಸೋ ಕಾಯ್ದೆಯಂತೆ ಕಡ್ಡಾಯ. ಊರಿನ ಹಿರಿಯರ ರಾಜಿ ಪಂಚಾಯಿತಿಗೆ ಅಲ್ಲಿ ಅವಕಾಶವಿಲ್ಲ. ಬಾಲ್ಯವಿವಾಹದ ಸುಳಿವಿಗೂ 1098 ಸಹಾಯವಾಣಿ ಇದೆ. ಕರ್ನಾಟಕದ ತಿದ್ದುಪಡಿಯಂತೆ ಬಾಲ್ಯವಿವಾಹವು ಆರಂಭದಿಂದಲೇ ಅಸಿಂಧು ಎಂಬುದನ್ನು ಸದಸ್ಯರು ಪಾಲಕರಿಗೆ ನೇರವಾಗಿ ಹೇಳಬಹುದು.

ಕೊನೆಯದಾಗಿ ಕಾಲದ ಪ್ರಶ್ನೆ. ಮಕ್ಕಳ ಗ್ರಾಮ ಸಭೆಗಳು ಸಾಮಾನ್ಯವಾಗಿ ನವೆಂಬರ್ ಆಸುಪಾಸಿನಲ್ಲಿ ನಡೆಯುತ್ತವೆ. ದೀಪಾವಳಿಯ ನಂತರ ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಮಹಾರಾಷ್ಟ್ರದ ಕಡೆಗೂ ಹೈದರಾಬಾದಿಗೂ ಗುಳೆ ಹೊರಡುವ ಕುಟುಂಬಗಳು ಆ ಹೊತ್ತಿಗೆ ಊರು ಬಿಟ್ಟಿರುತ್ತವೆ. ಯಾರ ಮಾತು ಮೊದಲು ಕೇಳಬೇಕೋ ಆ ಬಾಲಕಿಯೇ ಸಭೆಯಲ್ಲಿರುವುದಿಲ್ಲ. ದಸರೆಗೆ ಮುನ್ನ ತಾಂಡಾಗಳಲ್ಲಿಯೇ ಒಂದು ಪೂರ್ವಸಭೆ ನಡೆಸಿ, ಹೊರಡಲಿರುವ ಮನೆಗಳನ್ನು ಗುರುತಿಸಿ, ಮಗಳನ್ನು ಅಜ್ಜಿಯ ಬಳಿ ಅಥವಾ ವಸತಿ ನಿಲಯದಲ್ಲಿ ಬಿಟ್ಟುಹೋಗಲು ಪಾಲಕರನ್ನು ಒಪ್ಪಿಸಲು ಆಗ ಎರಡು ಮೂರು ವಾರಗಳ ಅವಕಾಶ ದೊರೆಯುತ್ತದೆ. ಸ್ವಯಂಸೇವಕರನ್ನು ಕರೆಯುವುದಾದರೆ ಆ ವಾರಗಳಿಗೆ ಕರೆಯಬೇಕು.