ಹಳೆಯ ಕಟ್ಟಿನಲ್ಲಿ ಹ್ಯಾಡ್ಲಿಯೇ ಗೆಲ್ಲುತ್ತಾರೆ

ಕ್ರಿಕೆಟ್ ಟ್ರಂಪ್ ಕಾರ್ಡು 1980–90ರ ದಶಕಗಳ ಹುಡುಗರ ಜೇಬಿನ ಆಸ್ತಿ. ಅಮೆರಿಕದವರಿಗೆ ಬೇಸ್‌ಬಾಲ್ ಕಾರ್ಡು ಹೇಗೋ, ಇಲ್ಲಿನವರಿಗೆ ಇದು ಹಾಗೆ. ಮೇಲೆ ಆಟಗಾರನ ಫೋಟೊ, ಕೆಳಗೆ ಪಂದ್ಯ, ರನ್, ಗರಿಷ್ಠ ಸ್ಕೋರು, ವಿಕೆಟ್. ಒಬ್ಬ ಯಾವುದೋ ಒಂದು ಬಾಬತ್ತು ಕೂಗುತ್ತಾನೆ. ಯಾರ ಅಂಕಿ ದೊಡ್ಡದೋ ಎದುರಾಳಿಯ ಕಾರ್ಡು ಅವನ ಪಾಲು. ಕ್ರಿಕೆಟ್ ಗೊತ್ತಿಲ್ಲದಿದ್ದರೂ ನಡೆದೀತು, ಎಣಿಕೆ ಬಂದರೆ ಸಾಕು.

ಅಚ್ಚಿನ ಮನೆ ಬಿಡುವಷ್ಟರಲ್ಲೇ ಈ ಅಂಕಿಗಳು ಹಳಸಿರುತ್ತಿದ್ದವು. ಆದರೂ ಕಾರ್ಡು ಹೇಳಿದ್ದೇ ವೇದವಾಕ್ಯ. ಇವನ್ನು ಕೆಡಿಸುವುದರಲ್ಲಿ ಅಹಮದಾಬಾದಿನ ಮೊಟೇರಾ ಮೈದಾನಕ್ಕೆ ವಿಶೇಷ ಆಸಕ್ತಿ ಇದ್ದಂತಿತ್ತು. 1987ರ ಮಾರ್ಚ್ 7ರಂದು ಪಾಕಿಸ್ತಾನದ ವಿರುದ್ಧ ಗಾವಸ್ಕರ್ ಟೆಸ್ಟ್‌ನಲ್ಲಿ 10,000 ರನ್ ಮುಟ್ಟಿದ ಮೊದಲಿಗರಾದದ್ದು ಇಲ್ಲೇ. ಜನ ಮೈದಾನಕ್ಕೆ ನುಗ್ಗಿ ಆಟವೇ ನಿಂತಿತು. 1994ರ ಫೆಬ್ರವರಿ 8ರಂದು ಶ್ರೀಲಂಕಾದ ತಿಲಕರತ್ನೆ ಕ್ಯಾಚಿತ್ತಾಗ ಕಪಿಲ್ ದೇವ್ ಅವರ ವಿಕೆಟ್ 432ಕ್ಕೇರಿತು. ರಿಚರ್ಡ್ ಹ್ಯಾಡ್ಲಿಯವರ 431ರ ದಾಖಲೆ ಮುರಿಯಿತು, 432 ಬಲೂನುಗಳು ಮೇಲೇರಿದವು. ಹಿಂದಿನ ವರ್ಷದ ಕಟ್ಟಿನಲ್ಲಿ ಮಾತ್ರ ಹ್ಯಾಡ್ಲಿಯದೇ ಗೆಲುವು, ಇಂದಿಗೂ! ಮೈಸೂರಿನ ಜಾವಗಲ್ ಶ್ರೀನಾಥ್ 1996ರಲ್ಲಿ ಅಲ್ಲೇ ದಕ್ಷಿಣ ಆಫ್ರಿಕಾದ ಆರು ಮಂದಿಯನ್ನು 21 ರನ್ನಿಗೆ ಕೆಡವಿ ಇನ್ನೊಂದು ಕಾರ್ಡನ್ನು ರದ್ದಿಗೆ ಹಾಕಿದರು.

ಯಾರಿಗೂ ಬೇಡವಾದ ಕಾರ್ಡು ವಿಕೆಟ್ ಕೀಪರ್‌ನದು. ವಡೋದರದ ಕಿರಣ್ ಮೋರೆ 49 ಟೆಸ್ಟ್ ಆಡಿದರು. ರನ್ 1,285, ಗರಿಷ್ಠ 73, ಪಡೆದ ವಿಕೆಟ್ ಸೊನ್ನೆ. ಬಂದ ಕೂಡಲೇ ಕೈ ದಾಟಿಸುವ ಸರಕು. 1988ರ ಜನವರಿಯಲ್ಲಿ ಮದ್ರಾಸಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಒಂದೇ ಪಂದ್ಯದಲ್ಲಿ ಆರು ಸ್ಟಂಪಿಂಗ್ ಮಾಡಿ ವಿಶ್ವದಾಖಲೆ ಬರೆದವರು ಇವರೇ. ಸ್ಟಂಪಿಂಗ್ ಬಾಬತ್ತೇ ಇಲ್ಲದ ಕಟ್ಟಿನಲ್ಲಿ ಆ ದಾಖಲೆ ಮೂರು ಕಾಸಿಗೂ ಪ್ರಯೋಜನವಿಲ್ಲ. 1992ರ ವಿಶ್ವಕಪ್‌ನಲ್ಲಿ ಮೋರೆಯವರ ಅಪೀಲಿನ ಕಾಟಕ್ಕೆ ರೋಸಿದ ಜಾವೇದ್ ಮಿಯಾಂದಾದ್ ಸಿಡ್ನಿಯಲ್ಲಿ ಕಪ್ಪೆಯಂತೆ ಕುಪ್ಪಳಿಸಿದ್ದರು. ಅಪೀಲಿಗೊಂದು ಅಂಕಿ ಇಟ್ಟಿದ್ದರೆ ಆ ಕಾರ್ಡಿಗೆ ಎದುರೇ ಇರುತ್ತಿರಲಿಲ್ಲ.

ಬೆಲೆಯ ಮಾತು ಬೇರೆ. 1909ರಿಂದ 1911ರ ನಡುವೆ ಸಿಗರೇಟಿನ ಜೊತೆ ಬಂದ ಹೋನಸ್ ವ್ಯಾಗ್ನರ್ ಬೇಸ್‌ಬಾಲ್ ಕಾರ್ಡೊಂದು 2022ರಲ್ಲಿ 70 ಲಕ್ಷ ಡಾಲರಿಗೂ ಹೆಚ್ಚಿಗೆ ಮಾರಾಟವಾಯಿತು. ಮುದ್ರಣ ಬೇಗ ನಿಂತದ್ದರಿಂದ ಉಳಿದವು ಕೆಲವೇ. ಟ್ರಂಪ್ ಕಾರ್ಡಿಗೆ ಆ ಯೋಗವಿಲ್ಲ. ಬೆವರಿದ ಬೆರಳುಗಳಲ್ಲಿ ಮೂಲೆ ಸವೆದು, ಕಟ್ಟಿನಲ್ಲಿ ಗೆಲ್ಲುವ ಕಾರ್ಡುಗಳೇ ಮೊದಲು ಕಳೆದುಹೋದವು. ಹೊಸದರಂತೆ ಉಳಿದದ್ದು ಆಟದ ನಿಯಮ ಅಚ್ಚಾದ ಕಾರ್ಡು ಮಾತ್ರ. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ.