'ಡಿಸ್‌ಇಂಟರೆಸ್ಟೆಡ್', 'ಅನ್‌ಇಂಟರೆಸ್ಟೆಡ್' ಮತ್ತು ನಮ್ಮ 'ಉದಾಸೀನ': ಒಂದು ಅರ್ಥವಿಚಾರ

ಇಂಗ್ಲಿಷ್ ಭಾಷೆಯಲ್ಲಿ ರೂಪದಿಂದ ಒಡಹುಟ್ಟಿದವುಗಳಂತೆ ಕಾಣುವ, ಅರ್ಥದಲ್ಲಿ ಮಾತ್ರ ಬೇರೆ ಬೇರೆ ಮನೆಗಳಲ್ಲಿ ಬಾಳುವ ಶಬ್ದಗಳು ಹೇರಳವಾಗಿವೆ. ಅವುಗಳಲ್ಲಿ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಸಮಾನವಾಗಿ ತೊಡಕಿಗೆ ಸಿಕ್ಕಿಸುವ ಜೋಡಿ 'ಡಿಸ್‌ಇಂಟರೆಸ್ಟೆಡ್' ಮತ್ತು 'ಅನ್‌ಇಂಟರೆಸ್ಟೆಡ್' ಎಂಬುದು. ವ್ಯಾಕರಣದ ಕೈಪಿಡಿಗಳು ಇದನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಮೊದಲನೆಯ ಶಬ್ದಕ್ಕೆ ಸ್ವಂತ ಲಾಭನಷ್ಟದ ಸಂಬಂಧವಿಲ್ಲದವನು ಎಂದು ಅರ್ಥ. ಎರಡನೆಯದಕ್ಕೆ ವಿಷಯದಲ್ಲಿ ಮನಸ್ಸೇ ಇಲ್ಲದವನು ಎಂದು ಅರ್ಥ. ನ್ಯಾಯಾಧೀಶನು ಮೊದಲನೆಯ ಗುಣವುಳ್ಳವನಾಗಿರಬೇಕು, ಎರಡನೆಯದುಳ್ಳವನಾಗಿರಕೂಡದು. ವಿವರಣೆಯೇನೋ ಸರಿಯೆ. ಆದರೆ ಈ ಭೇದವು ಎಲ್ಲಿಂದ ಬಂದಿತು, ಅದು ಮತ್ತೆ ಮತ್ತೆ ಅಳಿಸಿಹೋಗುವುದೇಕೆ, ಕನ್ನಡಕ್ಕೆ ತರುವಾಗ ನಾವು ಎಡವುವುದೆಲ್ಲಿ ಎಂಬುದನ್ನು ಕೈಪಿಡಿಗಳು ಹೇಳುವುದಿಲ್ಲ.

ತೊಡಕಿನ ಮೂಲವಿರುವುದು ಪೂರ್ವಪ್ರತ್ಯಯಗಳಲ್ಲಿ ಅಲ್ಲ, 'ಇಂಟರೆಸ್ಟ್' ಎಂಬ ನಾಮಪದದಲ್ಲಿ. ಲ್ಯಾಟಿನ್ನಿನಲ್ಲಿ 'ಇಂಟರ್' ಎಂದರೆ ನಡುವೆ, 'ಎಸ್ಸೆ' ಎಂದರೆ ಇರುವುದು. ನಡುವೆ ಇರುವುದು ಎಂಬುದರಿಂದ ಅಂತರವಾಗುವುದು, ಅಂತರವಾಗುವುದು ಎಂಬುದರಿಂದ ಮುಖ್ಯವೆನಿಸುವುದು ಎಂಬ ಅರ್ಥಗಳು ಬೆಳೆದವು. ರೋಮನ್ ನ್ಯಾಯಶಾಸ್ತ್ರದಲ್ಲಿ ಒಬ್ಬನಿಗೆ ಹಾನಿಯಾಗುವುದಕ್ಕೆ ಮುಂಚಿನ ಸ್ಥಿತಿಗೂ ಆಮೇಲಿನ ಸ್ಥಿತಿಗೂ ನಡುವಣ ಅಂತರವೇ ಅವನಿಗೆ ಸಲ್ಲಬೇಕಾದ ಪರಿಹಾರವಾಯಿತು. ಮಧ್ಯಯುಗದ ಚರ್ಚು ಬಡ್ಡಿಯನ್ನು ಪಾಪವೆಂದು ನಿಷೇಧಿಸಿದಾಗ, ಸಾಲ ಕೊಟ್ಟವನು ತನಗಾದ ನಷ್ಟಕ್ಕೆ ಪಡೆಯುವ ಪರಿಹಾರವು ಇದೇ ಹೆಸರಿನಲ್ಲಿ ಒಳಬಾಗಿಲಿನಿಂದ ನುಸುಳಿತು. ಬ್ಯಾಂಕಿನವರು ಇಂದು ಕೊಡುವ 'ಇಂಟರೆಸ್ಟ್' ಇದರ ಸಂತಾನವೇ. ಇಂಗ್ಲಿಷಿಗೆ ಬಂದಾಗಲೂ ಈ ಪದವು ಮೊದಲು ಸೂಚಿಸಿದುದು ಆಸ್ತಿಯಲ್ಲಿರುವ ಹಕ್ಕನ್ನು, ಪಾಲನ್ನು. ಕುತೂಹಲ, ಮನಸ್ಸಿನ ಒಲವು ಎಂಬ ಅರ್ಥವು ಬಲಗೊಂಡುದು 18ನೆಯ ಶತಮಾನದಲ್ಲಿ. ಹಕ್ಕಿನ ಪದವು ಒಲವಿನ ಪದವಾದ ಮೇಲೆ, ಅದರ ನಿಷೇಧರೂಪಗಳು ಎರಡಾಗಲೇಬೇಕಾಯಿತು: ಪಾಲಿಲ್ಲದವನು ಒಬ್ಬ, ಒಲವಿಲ್ಲದವನು ಇನ್ನೊಬ್ಬ.

ಆಶ್ಚರ್ಯದ ಸಂಗತಿಯೆಂದರೆ, ಆರಂಭದಲ್ಲಿ ಈ ಎರಡು ಶಬ್ದಗಳು ಒಂದರ ಸ್ಥಾನದಲ್ಲಿ ಇನ್ನೊಂದು ಕುಳಿತಿದ್ದವು. 17ನೆಯ ಶತಮಾನದ ಮೊದಲ ಭಾಗದಲ್ಲಿ ಕವಿ ಜಾನ್ ಡನ್ 'ಡಿಸ್‌ಇಂಟರೆಸ್ಟೆಡ್' ಶಬ್ದವನ್ನು ಲಕ್ಷ್ಯವಿಲ್ಲದ ಎಂಬ ಅರ್ಥದಲ್ಲಿಯೇ ಬಳಸಿದ್ದಾನೆ. ಅದೇ ಶತಮಾನದ ಮಧ್ಯಭಾಗದಲ್ಲಿ 'ಅನ್‌ಇಂಟರೆಸ್ಟೆಡ್' ಎಂದರೆ ಪಕ್ಷಪಾತವಿಲ್ಲದವನು ಎಂದಿತ್ತು. ಇಂದಿನ ಹಂಚಿಕೆ 18ನೆಯ ಶತಮಾನದ ಉತ್ತರಾರ್ಧದಲ್ಲಿ ಆರಂಭವಾಗಿ ಮುಂದಿನ ಶತಮಾನದಲ್ಲಿ ಸ್ಥಿರವಾಯಿತು. 1928ರಲ್ಲಿ ಪೂರ್ತಿಗೊಂಡ ಆಕ್ಸ್‌ಫರ್ಡ್ ನಿಘಂಟಿನ ಮೊದಲ ಆವೃತ್ತಿಯು ಡನ್ನನ ಅರ್ಥವು ಬಳಕೆ ತಪ್ಪಿರಬಹುದೆಂದು ಪ್ರಶ್ನಾರ್ಥಕ ಚಿಹ್ನೆಯೊಡನೆ ಗುರುತಿಸಿತು. ನಿಘಂಟುಕಾರರು ಸಮಾಧಿ ತೋಡಿಟ್ಟ ಅರ್ಥವು 20ನೆಯ ಶತಮಾನದಲ್ಲಿ ಎದ್ದು ನಡೆದಾಡತೊಡಗಿತು. ಇಂದಿನ ನಿಘಂಟುಗಳು ಎರಡು ಅರ್ಥಗಳನ್ನೂ ದಾಖಲೆ ಮಾಡುತ್ತವೆ. ಆದುದರಿಂದ, ಹೀಗೆ ಬಳಸಿದ ವಿದ್ಯಾರ್ಥಿಯನ್ನು ಅಜ್ಞಾನಿಯೆಂದು ಜರೆಯುವುದು ಚರಿತ್ರೆಗೆ ಒಪ್ಪುವ ಮಾತಲ್ಲ. ಭೇದವನ್ನು ಉಳಿಸಿಕೊಳ್ಳಬೇಕೆಂದು ನಾವು ವಾದಿಸುವುದಾದರೆ, ಅದು ಹಳೆಯದೆಂಬ ಕಾರಣದಿಂದ ಅಲ್ಲ, ಬೇಕಾದುದೆಂಬ ಕಾರಣದಿಂದ ವಾದಿಸಬೇಕು.

ಬೇಕಾದುದೇಕೆ ಎಂಬುದಕ್ಕೆ ಇನ್ನೊಂದು ಶಬ್ದದ ಕಥೆಯನ್ನು ನೋಡಬಹುದು. 'ಇಂಡಿಫರೆಂಟ್' ಎಂದರೆ ಮೂಲದಲ್ಲಿ ಭೇದವೆಣಿಸದವನು, ಅರ್ಥಾತ್ ಸಮದರ್ಶಿ. ಇಂಗ್ಲೆಂಡಿನ ಚರ್ಚಿನ ಪ್ರಾರ್ಥನಾ ಗ್ರಂಥವು ಅಧಿಕಾರಿಗಳು ಸಮದೃಷ್ಟಿಯಿಂದ ನ್ಯಾಯ ನಡೆಸಲೆಂದು ಬೇಡುವಾಗ ಉಪಯೋಗಿಸಿರುವುದು ಇದೇ ಶಬ್ದದ ಕ್ರಿಯಾವಿಶೇಷಣವನ್ನು. ಇಂದಿನ ಓದುಗನು ಅದನ್ನು ಓದಿದರೆ, ಅಧಿಕಾರಿಗಳು ಅಸಡ್ಡೆಯಿಂದ ನ್ಯಾಯ ನಡೆಸಲಿ ಎಂದು ಪ್ರಾರ್ಥಿಸಿದಂತೆ ತೋರುತ್ತದೆ! ಸಮದರ್ಶಿಯಾಗಿದ್ದವನು ಕ್ರಮೇಣ ಅಸಡ್ಡೆಯವನಾದನು. ಅಷ್ಟೇ ಅಲ್ಲ, ಒಳ್ಳೆಯದೂ ಅಲ್ಲದ ಕೆಟ್ಟದೂ ಅಲ್ಲದ ಸಾಧಾರಣ ವಸ್ತುವಿಗೂ ಅದೇ ಹೆಸರಾಯಿತು. 'ಅಪತಿ' ಎಂಬ ಶಬ್ದದ ಪಾಡೂ ಇದೇ. ಗ್ರೀಸಿನ ಸ್ಟೋಯಿಕ್ ತತ್ತ್ವಜ್ಞರಿಗೆ ಅದರ ಮೂಲರೂಪವು ರಾಗದ್ವೇಷಗಳಿಂದ ಬಿಡುಗಡೆ ಪಡೆದ ಜ್ಞಾನಿಯ ಸ್ಥಿತಿ. ನಮ್ಮ ಕಾಲದ ಇಂಗ್ಲಿಷಿನಲ್ಲಿ ಮನಸ್ಸಿನ ಜಡತೆ.

ಇದು ಇಂಗ್ಲಿಷಿಗೆ ಮಾತ್ರ ತಗುಲಿದ ರೋಗವೆಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮ 'ಉದಾಸೀನ' ಶಬ್ದವನ್ನೇ ತೆಗೆದುಕೊಳ್ಳಿ. ಸಂಸ್ಕೃತದಲ್ಲಿ ಅದರ ಅರ್ಥ ಬೇರೆಯಾಗಿ, ದೂರವಾಗಿ ಕುಳಿತವನು ಎಂದು. ಕೌಟಿಲ್ಯನ ಅರ್ಥಶಾಸ್ತ್ರದ ರಾಜಮಂಡಲದಲ್ಲಿ ಉದಾಸೀನನು ದುರ್ಬಲನಲ್ಲ. ಉಳಿದವರಿಗಿಂತ ಬಲಶಾಲಿ, ಅವರಿಗೆ ನೆರವಾಗಲೂ ಅವರನ್ನು ಅಡಗಿಸಲೂ ಶಕ್ತನಾದ ಅರಸು. ಭಗವದ್ಗೀತೆಯ ಹನ್ನೆರಡನೆಯ ಅಧ್ಯಾಯದಲ್ಲಿ ಅದು ಪ್ರಿಯಭಕ್ತನ ಲಕ್ಷಣಗಳಲ್ಲೊಂದು, ಅದೂ ದಕ್ಷತೆಯ ಪಕ್ಕದಲ್ಲಿಯೇ ಹೇಳಲ್ಪಟ್ಟುದು. ಆರನೆಯ ಅಧ್ಯಾಯದಲ್ಲಿ ಉದಾಸೀನ, ಮಧ್ಯಸ್ಥ ಎಂಬ ಎರಡು ಶಬ್ದಗಳು ಒಟ್ಟಿಗೆ ಬಂದಾಗ ಶಂಕರಾಚಾರ್ಯರು ಅವುಗಳ ಭೇದವನ್ನು ಬಹು ಸೂಕ್ಷ್ಮವಾಗಿ ಬಿಡಿಸಿದ್ದಾರೆ: ಯಾರ ಪಕ್ಷವನ್ನೂ ಹಿಡಿಯದವನು ಉದಾಸೀನ, ಪರಸ್ಪರ ವಿರೋಧಿಗಳಾದ ಇಬ್ಬರ ಹಿತವನ್ನೂ ಬಯಸುವವನು ಮಧ್ಯಸ್ಥ. ಕನ್ನಡದಲ್ಲಿ ಮಧ್ಯಸ್ಥನು ತನ್ನ ಗೌರವವನ್ನು ಉಳಿಸಿಕೊಂಡನು, ಉದಾಸೀನನು ಕಳೆದುಕೊಂಡನು. ಜ್ವರವನ್ನು ಉದಾಸೀನ ಮಾಡಬೇಡ ಎನ್ನುತ್ತೇವೆ. ಕರಾವಳಿಯ ಮಾತಿನಲ್ಲಂತೂ ಉದಾಸೀನವೆಂದರೆ ಬರಿಯ ಸೋಮಾರಿತನ. ಇಲ್ಲೊಂದು ವಿನೋದವೂ ಉಂಟು. ಲ್ಯಾಟಿನ್ನಿನಲ್ಲಿ ನಡುವೆ ಇರುವುದರಿಂದ ಹುಟ್ಟಿದುದು ಲಾಭದ ಸಂಬಂಧ; ಸಂಸ್ಕೃತದಲ್ಲಿ ನಡುವೆ ನಿಲ್ಲುವುದರಿಂದ ಹುಟ್ಟಿದುದು ನಿಷ್ಪಕ್ಷಪಾತ.

ಒಂದಕ್ಕೊಂದು ಸಂಪರ್ಕವಿಲ್ಲದೆ ಈ ಶಬ್ದಗಳೆಲ್ಲ ಒಂದೇ ಇಳಿಜಾರಿನಲ್ಲಿ ಜಾರಿದುದಕ್ಕೆ ಕಾರಣವೇನು? ಸ್ವಂತ ಲಾಭವನ್ನು ಬದಿಗಿಟ್ಟು ಕುಳಿತವನೂ ಏನಾದರೇನು ಎಂದು ಕುಳಿತವನೂ ಹೊರಗಿನಿಂದ ನೋಡುವವರಿಗೆ ಒಂದೇ ರೀತಿ ಕಾಣುತ್ತಾರೆ, ಇಬ್ಬರೂ ಕೂಗಾಡುವುದಿಲ್ಲ. ಅದಲ್ಲದೆ, ತನಗೆ ದಕ್ಕುವುದೇನೂ ಇಲ್ಲದ ಕಡೆ ಒಬ್ಬನು ಶ್ರದ್ಧೆಯಿಟ್ಟಾನೆಂದು ಲೋಕವು ಸುಲಭವಾಗಿ ನಂಬುವುದಿಲ್ಲ. ಇದು ನಮ್ಮ ಊಹೆ. ಆದರೆ ಮೂರು ನಾಲ್ಕು ಭಾಷೆಗಳ ಸಾಕ್ಷ್ಯ ಒಂದೇ ಕಡೆ ಬೆರಳು ತೋರುತ್ತಿರುವಾಗ ಅದನ್ನು ತಳ್ಳಿಹಾಕುವಂತಿಲ್ಲ.

ಈ ವಿಚಾರ ನಿಘಂಟಿನ ಪುಟಗಳಲ್ಲಿಯೇ ನಿಲ್ಲುವುದೂ ಇಲ್ಲ. ನಮ್ಮ ನ್ಯಾಯಾಲಯಗಳಲ್ಲಿ 'ಇಂಟರೆಸ್ಟೆಡ್ ವಿಟ್‌ನೆಸ್' ಎಂಬ ಮಾತು ನಿತ್ಯ ಕೇಳಿಬರುತ್ತದೆ. ಕೊಲೆಯಾದವನ ಹೆಂಡತಿಯ ಸಾಕ್ಷ್ಯವನ್ನು ಈ ಹೆಸರಿನಿಂದ ತಳ್ಳಿಹಾಕಬಹುದೇ? ರಾಜಸ್ಥಾನದ ಒಂದು ಮೊಕದ್ದಮೆಯಲ್ಲಿ 1981ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಬಂಧು ಎಂಬುದೂ 'ಇಂಟರೆಸ್ಟೆಡ್' ಎಂಬುದೂ ಒಂದೇ ಅಲ್ಲ, ಮೊಕದ್ದಮೆಯ ಫಲದಿಂದ ಏನಾದರೂ ಲಾಭ ಪಡೆಯುವವನು ಮಾತ್ರ ಎರಡನೆಯ ಹೆಸರಿಗೆ ಅರ್ಹನು ಎಂದು ಸ್ಪಷ್ಟಪಡಿಸಿತು. ಇದನ್ನು ಕನ್ನಡದಲ್ಲಿ 'ಆಸಕ್ತ ಸಾಕ್ಷಿ' ಎಂದು ಬರೆದರೆ ತೀರ್ಪಿನ ಜೀವವೇ ಹೋಗುತ್ತದೆ. ಗಂಡನನ್ನು ಕಳೆದುಕೊಂಡವಳಿಗೆ ವಿಚಾರಣೆಯಲ್ಲಿ ಆಸಕ್ತಿ ಇಲ್ಲದೆ ಇರುತ್ತದೆಯೆ? ಇಲ್ಲಿ ಸಲ್ಲುವುದು 'ಹಿತಾಸಕ್ತಿಯುಳ್ಳ ಸಾಕ್ಷಿ' ಎಂಬುದು. ಬಡ್ಡಿ, ಹಿತಾಸಕ್ತಿ, ಆಸಕ್ತಿ ಎಂದು ಇಂಗ್ಲಿಷಿನ ಒಂದು ಶಬ್ದಕ್ಕೆ ಮೂರು ಶಬ್ದಗಳನ್ನಿಟ್ಟುಕೊಂಡಿರುವ ಕನ್ನಡವು ಈ ಎಡೆಯಲ್ಲಿ ಇಂಗ್ಲಿಷಿಗಿಂತ ಸಿರಿವಂತ; ಆ ಸಿರಿಯನ್ನು ನಾವು ಬಳಸುವುದಿಲ್ಲವೆಂಬುದು ಬೇರೆ ಮಾತು.

ಸಾಹಿತ್ಯದ ತರಗತಿಯಲ್ಲಿ ಕಷ್ಟ ಹೆಚ್ಚು. ಮ್ಯಾಥ್ಯೂ ಆರ್ನಲ್ಡ್ 1864ರ ತನ್ನ ವಿಮರ್ಶಾ ಪ್ರಬಂಧದಲ್ಲಿ 'ಡಿಸ್‌ಇಂಟರೆಸ್ಟೆಡ್‌ನೆಸ್' ವಿಮರ್ಶಕನ ಮುಖ್ಯ ಗುಣವೆಂದನು. ಇದನ್ನು ನಿರಾಸಕ್ತಿಯೆಂದು ತಿಳಿದ ವಿದ್ಯಾರ್ಥಿಗೆ ಆರ್ನಲ್ಡನು ತಲೆಕೆಳಗಾಗಿ ಕಾಣುತ್ತಾನೆ. ಏಕೆಂದರೆ ಅವನು ಕೇಳುವುದು ಅತ್ಯಂತ ಎಚ್ಚರದ ಕುತೂಹಲವನ್ನು, ಪಕ್ಷ ಪಂಗಡಗಳ ತುರ್ತಿಗೆ ಒಳಗಾಗದ ಕುತೂಹಲವನ್ನು. ಹ್ಯಾಜ್ಲಿಟ್ 1805ರಲ್ಲಿ ಇದೇ ಶಬ್ದದಿಂದ ಮನುಷ್ಯನ ಮನಸ್ಸಿನ ಸಹಜಗುಣವನ್ನು ಸಮರ್ಥಿಸಿದಾಗ ಅವನ ಮನಸ್ಸಿನಲ್ಲಿದ್ದುದು ಪರಹಿತಬುದ್ಧಿ. ಅಲ್ಲಿ 'ನಿಃಸ್ವಾರ್ಥತೆ' ಚೆನ್ನಾಗಿ ಹೊಂದುತ್ತದೆ. ಆರ್ನಲ್ಡನಿಗೆ ಅದು ಸಾಲದು. 'ನಿಷ್ಪಕ್ಷಪಾತ'ವೆಂದರೆ ಇಬ್ಬರು ವಾದಿಗಳು ಎದುರಿಗಿರಬೇಕು. 'ತಾಟಸ್ಥ್ಯ' ದಡದಲ್ಲಿ ನಿಂತವನ ಗುಣ, ನೀರಿಗಿಳಿಯದವನೆಂಬ ನಿಂದೆಯೂ ಈಗ ಅದಕ್ಕೆ ಅಂಟಿದೆ. 'ಅನಾಸಕ್ತಿ' ಗಾಂಧೀಜಿಯವರ ಗೀತಾನುವಾದದ ಹೆಸರಿನಲ್ಲಿ ಫಲದ ಹಂಬಲವನ್ನು ಬಿಟ್ಟ ಶ್ರದ್ಧೆಯನ್ನು ಸೂಚಿಸುವಷ್ಟು ಗಟ್ಟಿಯಾದ ಶಬ್ದವಾಗಿತ್ತು. ಆದರೆ ಪತ್ರಿಕೆಗಳಲ್ಲಿ ಇಂದು ಅದು ಮತದಾರರ ನಿರುತ್ಸಾಹಕ್ಕೂ ಸಲ್ಲುತ್ತಿದೆ. ಉಳಿದವುಗಳಲ್ಲಿ 'ನಿರ್ಲಿಪ್ತತೆ' ಮೇಲು. ನೀರಿನಲ್ಲಿದ್ದೂ ನೀರು ಅಂಟದ ತಾವರೆಯೆಲೆಯ ಹೋಲಿಕೆಯು ಅದರೊಡನೆ ಬರುವುದರಿಂದ, ವಿಷಯದ ನಡುವೆಯೇ ಇರುವ ವಿಮರ್ಶಕನಿಗೆ ಅದು ಒಪ್ಪುತ್ತದೆ. ತರಗತಿಯಲ್ಲಿ ಅದನ್ನು ಬಳಸುವವರು ಮೊದಲ ಸಲ 'ಶ್ರದ್ಧಾಪೂರ್ವಕವಾದ ನಿರ್ಲಿಪ್ತತೆ' ಎಂದು ವಿಶೇಷಣ ಸೇರಿಸಿ ಹೇಳಿ, ವಿದ್ಯಾರ್ಥಿಗಳಿಗೆ ಅಭ್ಯಾಸವಾದ ಬಳಿಕ ವಿಶೇಷಣವನ್ನು ಕೈಬಿಡಬಹುದು.