ಗಿಟಾರಿಗೆ ರಾಗ ಒಲಿದ ಬಗೆ

ಹೊರನಾಡಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಮಕ್ಕಳ ಸಂಗೀತಾಭ್ಯಾಸವೆಂದರೆ ಹಾಡುಗಾರಿಕೆ, ವೀಣೆ ಇಲ್ಲವೇ ಪಿಟೀಲು ಎಂಬ ಭಾವನೆ ಬೇರೂರಿದೆ. ಮಗನು ಗಿಟಾರು ಬೇಕೆಂದು ಹಟ ಹಿಡಿದರೆ ತಾಯಿತಂದೆಯರ ಮುಖ ಸಪ್ಪಗಾಗುತ್ತದೆ. ಅದು ವಿದೇಶೀ ವಾದ್ಯ, ಸಿನಿಮಾ ವಾದ್ಯ. ಊರನ್ನಂತೂ ಬಿಟ್ಟಾಯಿತು, ಇನ್ನು ಸಂಗೀತವನ್ನೂ ಬಿಡಬೇಕೇ ಎಂಬುದು ಅವರ ಅಳಲು. ಈ ಅಳಲಿಗೆ ಸಮಾಧಾನವು ಗುಜರಾತಿನ ನೆಲದಲ್ಲಿಯೇ ದೊರೆಯುತ್ತದೆಂಬುದು ಸ್ವಾರಸ್ಯದ ಸಂಗತಿ.

ಜೋಧಪುರದಲ್ಲಿ 1937ರಲ್ಲಿ ಜನಿಸಿ, ಅಹಮದಾಬಾದಿನಲ್ಲಿ ನೆಲೆಸಿ, 2018ರಲ್ಲಿ ನಿಧನರಾದ ಪಂಡಿತ ಬ್ರಿಜಭೂಷಣ ಕಾಬ್ರಾ ಅವರು ಸರೋದ್ ವಾದಕ ಅಲಿ ಅಕ್ಬರ್ ಖಾನರ ಶಿಷ್ಯರು. ಗಿಟಾರಿನಲ್ಲಿ ಹಿಂದೂಸ್ತಾನಿ ರಾಗಗಳನ್ನು ಸಾಂಗವಾಗಿ ನುಡಿಸಿ ತೋರಿದವರಲ್ಲಿ ಅಗ್ರಗಣ್ಯರು. ಅವರ ಮುಂದಿದ್ದ ತೊಡಕು ಸಣ್ಣದಲ್ಲ. ವೀಣೆಯ ಮೆಟ್ಟುಗಳು ಎತ್ತರವಾಗಿರುವುದರಿಂದ ತಂತಿಯನ್ನು ಎಳೆದು ಗಮಕವನ್ನು ತರಬಹುದು. ಗಿಟಾರಿನ ಮೆಟ್ಟುಗಳಾದರೋ ತಗ್ಗು. ಅಲ್ಲಿ ಸ್ವರದಿಂದ ಸ್ವರಕ್ಕೆ ನೆಗೆಯುವುದು ಸುಲಭ, ಜಾರುವುದು ಕಷ್ಟ. ಜಾರುವಿಕೆಯಿಲ್ಲದೆ ರಾಗವಿಲ್ಲ. ಕಾಬ್ರಾ ಅವರು ಹವಾಯಿ ದ್ವೀಪದ ಪದ್ಧತಿಯಂತೆ ವಾದ್ಯವನ್ನು ತೊಡೆಯ ಮೇಲೆ ಮಲಗಿಸಿ, ಉಕ್ಕಿನ ಸರಳನ್ನು ತಂತಿಗಳ ಮೇಲೆ ಜಾರಿಸಿದರು. ಮೆಟ್ಟುಗಳು ಇದ್ದೂ ಇಲ್ಲದಂತಾದವು. ಗೋಟುವಾದ್ಯವನ್ನು ಕೇಳಿಬಲ್ಲ ಕನ್ನಡಿಗರಿಗೆ ಈ ಉಪಾಯ ಅಪರಿಚಿತವೇನಲ್ಲ.

ಇದರ ಫಲವನ್ನು ಸವಿಯಲು ಮೊದಲು ಕೇಳಬೇಕಾದ ಧ್ವನಿಮುದ್ರಿಕೆ 1967ರ 'ಕಾಲ್ ಆಫ್ ದಿ ವ್ಯಾಲಿ'. ಶಿವಕುಮಾರ ಶರ್ಮರ ಸಂತೂರ್, ಹರಿಪ್ರಸಾದ ಚೌರಾಸಿಯಾರ ಕೊಳಲು, ಕಾಬ್ರಾರ ಗಿಟಾರು ಒಂದುಗೂಡಿ ಕಾಶ್ಮೀರದ ಕುರುಬನೊಬ್ಬನ ಒಂದು ದಿನವನ್ನು ಚಿತ್ರಿಸುತ್ತವೆ. ಬೆಳಗಿನ ಅಹೀರ್ ಭೈರವದಿಂದ ಹೊರಟು ಪಹಾಡಿಯಲ್ಲಿ ಅದು ಮುಗಿಯುತ್ತದೆ. ಸಂತೂರಿನ ಸ್ವರಗಳು ಹನಿಹನಿಯಾಗಿ ಉದುರಿದರೆ, ಗಿಟಾರಿನ ಸ್ವರವು ಎಳೆಯಾಗಿ ಹರಿಯುತ್ತದೆ. ಈ ಅಂತರವನ್ನು ಗಮನಿಸಿ ಕೇಳಿದರೆ ಸರಳಿನ ಮಹಿಮೆ ತಾನಾಗಿ ತಿಳಿಯುತ್ತದೆ.

ಎರಡನೆಯದು 1976ರ 'ಶಕ್ತಿ'. ಇಂಗ್ಲೆಂಡಿನ ಜಾನ್ ಮೆಕ್‌ಲಾಫ್ಲಿನ್ ಅವರು ಎಲ್. ಶಂಕರ್ ಅವರ ಪಿಟೀಲು, ಜಾಕಿರ್ ಹುಸೇನರ ತಬಲಾ, ವಿನಾಯಕರಾಮ್ ಅವರ ಘಟಗಳೊಡನೆ ನುಡಿಸಿದ ಮುದ್ರಿಕೆ ಇದು. ಎಸ್. ರಾಮನಾಥನ್ ಅವರಲ್ಲಿ ವೀಣೆಯನ್ನು ಕಲಿತಿದ್ದ ಈತ ಸರಳನ್ನು ಹಿಡಿಯಲಿಲ್ಲ. ಮೆಟ್ಟುಗಳ ನಡುವಣ ಮರವನ್ನೇ ತೋಡಿಸಿ, ತಂತಿಯನ್ನು ವೀಣೆಯಂತೆ ಎಳೆಯಲು ಎಡೆ ಮಾಡಿಕೊಂಡರು. ತೊಡಕು ಒಂದೇ, ಪರಿಹಾರ ಎರಡು.

ಮೂರನೆಯದು 'ಎ ಮೀಟಿಂಗ್ ಬೈ ದಿ ರಿವರ್'. ಜಯಪುರದ ವಿಶ್ವಮೋಹನ ಭಟ್ಟರು ಗಿಟಾರಿಗೆ ಅನುರಣನದ ತಂತಿಗಳನ್ನು ಸೇರಿಸಿ ರೂಪಿಸಿದ ಮೋಹನವೀಣೆಯನ್ನು ಅಮೆರಿಕದ ರೈ ಕೂಡರ್ ಅವರ ಗಿಟಾರಿನೊಡನೆ ನುಡಿಸಿದ್ದಾರೆ. ಮೊದಲ ಭೇಟಿಯಾದ ಸ್ವಲ್ಪ ಹೊತ್ತಿನಲ್ಲೇ ಧ್ವನಿಮುದ್ರಣ ನಡೆಯಿತು. 1993ರಲ್ಲಿ ಹೊರಬಂದ ಇದಕ್ಕೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಲಭಿಸಿತು. ಇಬ್ಬರದೂ ಜಾರುಸರಳಿನ ವಾದನವಾದ್ದರಿಂದ ಮಾತಿನ ಹಂಗಿಲ್ಲದೆ ಒಬ್ಬರನ್ನೊಬ್ಬರು ಅರಿತಂತೆ ಕೇಳಿಸುತ್ತದೆ. ಭಟ್ಟರ ಸೋದರಿ, ಸಿತಾರ್ ವಾದಕಿ ಮಂಜು ಮೆಹತಾ ಅವರು ಪತಿ ನಂದನ ಮೆಹತಾ ಅವರೊಡನೆ 1980ರಲ್ಲಿ ಅಹಮದಾಬಾದಿನಲ್ಲಿ 'ಸಪ್ತಕ' ಸಂಸ್ಥೆಯನ್ನು ಕಟ್ಟಿದರೆಂಬುದು ಇಲ್ಲಿ ಸ್ಮರಣೀಯ.

ಸಪ್ತಕದ ಸಂಗೀತೋತ್ಸವವು ಪ್ರತಿ ಜನವರಿಯಲ್ಲಿ ನಡೆಯುತ್ತದೆ. ವಡೋದರಾ, ಸೂರತ್‌ಗಳ ಕನ್ನಡಿಗರಿಗೂ ಅದು ದೂರವಲ್ಲ. ಮಕ್ಕಳನ್ನು ಕರೆದೊಯ್ದು ಕೂರಿಸಬಹುದು. ಇಂಥ ವಲಸೆ ವಡೋದರಾಕ್ಕೂ ಹೊಸದಲ್ಲ. 1886ರಲ್ಲಿ ಅಲ್ಲಿ ಸಂಗೀತಶಾಲೆಯನ್ನು ತೆರೆದ ಮೌಲಾ ಬಕ್ಷರು ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತವನ್ನು ಅರಿತು ಬಂದವರು.

ಗಿಟಾರು ತನ್ನ ಒಡಲನ್ನು ಬಿಡಲಿಲ್ಲ. ಆದರೆ ಬಂದ ನೆಲದ ನುಡಿಯನ್ನು ಕಲಿತುಕೊಂಡಿತು. ಮಗನು ಗಿಟಾರು ಕೇಳಿದಾಗ ತಂದೆಯು ಬೇಡವೆನ್ನುವ ಬದಲು ಒಂದು ಭಾನುವಾರದ ಬೆಳಿಗ್ಗೆ ಅವನೊಡನೆ ಕುಳಿತು ಆ ಅಹೀರ್ ಭೈರವವನ್ನು ಕೇಳುವುದು ಲೇಸು. ಅನಂತರ ಕೊಳ್ಳುವ ಮಾತು. ಆಗ ಮನೆಗೆ ಬರುವುದು ಪರಕೀಯ ವಾದ್ಯವಾಗಿರದೆ, ಅಹಮದಾಬಾದಿನಲ್ಲಿ ರಾಗ ಕಲಿತ ವಾದ್ಯವಾಗಿರುತ್ತದೆ.